ನಾಲಗೆಗೆ ಬಾರದ ವ್ಯಾಕರಣ

ಸಂಜೆಯ ಹೊತ್ತು. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಮುಗಿಯುತ್ತ ಬಂದಿದೆ. ನಡುಮನೆಯಲ್ಲಿ ಹೈಸ್ಕೂಲು ಓದುವ ಹುಡುಗ ವ್ಯಾಕರಣದ ಪುಸ್ತಕವನ್ನು ಮುಂದಿಟ್ಟುಕೊಂಡು ಬಿಟ್ಟ ಸ್ಥಳಗಳನ್ನು ತುಂಬುತ್ತಿದ್ದಾನೆ. ಹತ್ತರಲ್ಲಿ ಒಂಬತ್ತು ಸರಿ. ಅಷ್ಟರಲ್ಲಿ ತಂದೆಯ ಸ್ನೇಹಿತರೊಬ್ಬರು ಬರುತ್ತಾರೆ, ಹುಡುಗನ ಬೆನ್ನು ತಟ್ಟಿ, “ವಾಟ್ ಡಿಡ್ ಯೂ ಡೂ ಟುಡೇ?” ಎಂದು ಕೇಳುತ್ತಾರೆ. ಹುಡುಗನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ನಿಲ್ಲುತ್ತದೆ. ತುಟಿ ಅಲುಗುತ್ತದೆ, ಮಾತು ಹೊರಡುವುದಿಲ್ಲ. ಬಂದವರು ನಕ್ಕು ಬೇರೆ ಮಾತು ತೆಗೆಯುತ್ತಾರೆ. ಅವರು ಹೋದ ಮೇಲೆ ತಂದೆ, “ಇಷ್ಟು ವರ್ಷ ಓದಿದ್ದು ಇದಕ್ಕೇನೋ?” ಎನ್ನುತ್ತಾರೆ.

ಓದುಗ ಮಹಾಶಯರೆ, ಈ ದೃಶ್ಯ ನಿಮ್ಮ ಮನೆಯದಲ್ಲದಿದ್ದರೆ ಪಕ್ಕದ ಮನೆಯದು. ನಾನು ಅನೇಕ ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿರುವವನು. ಕನ್ನಡ ಪಂಡಿತನಿಗೆ ಇಂಗ್ಲಿಷಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳನ್ನು ಗಮನವಿಟ್ಟು ನೋಡಿದರೆ, ಅವುಗಳಲ್ಲಿ ಬಹುಪಾಲು ಇಂಗ್ಲಿಷಿನವಲ್ಲ, ಕನ್ನಡದವು. ಕನ್ನಡ ವ್ಯಾಕರಣ ಬಲ್ಲವನ ಕಣ್ಣಿಗೆ ಅವು ಬೇಗ ಬೀಳುತ್ತವೆ. ಅದೂ ಅಲ್ಲದೆ, ಈ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರನ್ನು ಶಸ್ತ್ರಚಿಕಿತ್ಸೆಗಾಗಿ ಹೊರ ರಾಜ್ಯದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ರಾತ್ರಿಯಿಂದ ಅವರು ಏನನ್ನೂ ತಿನ್ನಬಾರದು, ಕುಡಿಯಬಾರದು ಎಂದು ಹೇಳಿದ್ದರು, ಹಾಗೆಯೇ ಇದ್ದರು. ಬೆಳಿಗ್ಗೆ ದಾದಿಯೊಬ್ಬಳು ಕೈಯಲ್ಲಿ ಕಾಗದ ಹಿಡಿದು ಬಂದು, “ಶೀ ಹ್ಯಾಸ್‌ಂಟ್ ಈಟನ್ ಎನಿಥಿಂಗ್, ಹ್ಯಾಸ್ ಶೀ?” ಎಂದಳು. ಏನೂ ತಿಂದಿಲ್ಲ ತಾನೆ ಎಂಬುದು ಪ್ರಶ್ನೆ. ಅರ್ಥ ನನಗೆ ಚೆನ್ನಾಗಿಯೇ ಆಯಿತು. “ಎಸ್, ಎಸ್” ಎಂದೆ. ಹೌದು, ತಿಂದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿದ್ದ ಉತ್ತರ. ಆಕೆ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಕೇಳಿದಳು. ನಾನು ಇನ್ನಷ್ಟು ಒತ್ತಿ “ಎಸ್” ಎಂದೆ. ಇಂಗ್ಲಿಷಿನಲ್ಲಿ ಅದರ ಅರ್ಥ “ತಿಂದಿದ್ದಾರೆ” ಎಂದು! ಆಕೆ ಹಾಗೆಯೇ ಬರೆದುಕೊಂಡು ಹೋದಳು. ಶಸ್ತ್ರಚಿಕಿತ್ಸೆ ಮರುದಿನಕ್ಕೆ ಹೋಯಿತು. ಆಕೆಯದೇನೂ ತಪ್ಪಿರಲಿಲ್ಲ. ಇಡೀ ರಾತ್ರಿ ಬಾಯಾರಿಕೆ ತಡೆದುಕೊಂಡಿದ್ದ ನನ್ನ ತಾಯಿ, “ಅವರು ಕೇಳಿದ್ದೇನು ಮಗಾ, ನೀನು ಹೇಳಿದ್ದೇನು?” ಎಂದು ಕೇಳಿದರು. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಾಯಿಸು ಎಂದರೆ ಆ ಹೊತ್ತಿನಲ್ಲಿಯೂ ತಪ್ಪಿಲ್ಲದೆ ಬದಲಾಯಿಸುತ್ತಿದ್ದೆ. ಆದರೆ ಎರಡಕ್ಷರದ ಒಂದು ಉತ್ತರ ನನ್ನ ನಾಲಗೆಯಲ್ಲಿ ಸರಿಯಾಗಿ ಕೂತಿರಲಿಲ್ಲ.

ಅಂದಿನಿಂದ ನಾನು ಯೋಚಿಸುತ್ತಿರುವ ವಿಷಯ ಇದು: ನಿಯಮ ಗೊತ್ತಿರುವುದು ಬೇರೆ, ನಿಯಮ ಕೈವಶವಾಗುವುದು ಬೇರೆ.

ನಾಲ್ಕು ವರ್ಷದ ಕೂಸು ಮನೆಯಲ್ಲಿ ಹೇಗೆ ಮಾತನಾಡುತ್ತದೆ ಎಂಬುದನ್ನು ಗಮನಿಸಿ. “ಅಪ್ಪ ಬಂದ, ಅಮ್ಮ ಬಂದಳು, ಬೆಕ್ಕು ಬಂತು, ಮಾಮ ಅತ್ತೆ ಬಂದರು” ಎನ್ನುತ್ತದೆ. ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಕ್ರಿಯಾಪದದ ಕೊನೆ ಬದಲಾಗಬೇಕೆಂಬುದನ್ನು ಆ ಕೂಸಿಗೆ ಯಾರೂ ಹೇಳಿಕೊಟ್ಟಿಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದದ್ದು ಅದಕ್ಕೆ ಗೊತ್ತಿಲ್ಲ. ಆದರೂ ಆಖ್ಯಾತ ಪ್ರತ್ಯಯ ತಪ್ಪುವುದಿಲ್ಲ. ಇದೇ ಕೂಸು ಬೆಳೆದು ಹೈಸ್ಕೂಲಿಗೆ ಬಂದಾಗ “ಹೀ ಗೋ ಟು ಸ್ಕೂಲ್” ಎನ್ನುತ್ತದೆ. ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಎಂದು ಇಷ್ಟು ರೂಪಗಳನ್ನು ಎಡವದೆ ನಡೆಸುವ ಹುಡುಗನಿಗೆ, ಇಂಗ್ಲಿಷಿನ ವರ್ತಮಾನದಲ್ಲಿ ಬರುವ ಒಂದೇ ಒಂದು ‘ಸ್’ಕಾರ ಭಾರವಾಗುತ್ತದೆ. ಆ ಸಕಾರದ ನಿಯಮ ಅವನಿಗೆ ಬಾಯಿಪಾಠ. ಬಾಯಿಗೆ ಮಾತ್ರ ಬರುವುದಿಲ್ಲ. ಕಾರಣವೇನು? ಕನ್ನಡದ ರೂಪಗಳನ್ನು ಅವನು ಸಾವಿರಾರು ಸಲ ಕೇಳಿದ್ದಾನೆ, ತನಗೆ ಬೇಕಾದದ್ದನ್ನು ಹೇಳುವುದಕ್ಕಾಗಿ ಸಾವಿರಾರು ಸಲ ಆಡಿದ್ದಾನೆ. ಇಂಗ್ಲಿಷಿನ ನಿಯಮವನ್ನು ಒಮ್ಮೆ ಓದಿ, ಹತ್ತು ಸಲ ಬರೆದಿದ್ದಾನೆ; ಆಡಿರುವುದು ಇಲ್ಲವೇ ಇಲ್ಲ ಎನ್ನಬಹುದು.

ಹಾಗಾದರೆ ಆಡಿಸುವುದು ಹೇಗೆ? ಇಲ್ಲಿಯೇ ವಾಕ್ಯದ ಅಚ್ಚುಗಳ ಮಾತು ಬರುತ್ತದೆ.

ಸಂಕ್ರಾಂತಿಗೆ ನಮ್ಮ ಮನೆಗಳಲ್ಲಿ ಸಕ್ಕರೆ ಅಚ್ಚು ಹಾಕುವುದನ್ನು ನೀವು ಬಲ್ಲಿರಿ. ಮರದ ಅಚ್ಚು ಒಂದೇ. ಪಾಕ ಹೊಯ್ದಂತೆಲ್ಲ ಆನೆಯೋ ಗಿಳಿಯೋ ಬೇಕಾದಷ್ಟು ಸಂಖ್ಯೆಯಲ್ಲಿ ಹೊರಬೀಳುತ್ತವೆ. ಭಾಷೆಯಲ್ಲಿಯೂ ಹೀಗೆಯೇ. ನಾವಾಡುವ ವಾಕ್ಯಗಳಿಗೆ ಲೆಕ್ಕವಿಲ್ಲ; ಆದರೆ ಅವು ಬಿದ್ದುಬರುವ ಅಚ್ಚುಗಳು ಎಣಿಕೆಗೆ ಸಿಕ್ಕುವಷ್ಟೇ. ಈ ತತ್ತ್ವವನ್ನು ಇಂಗ್ಲಿಷ್ ಪಾಠಕ್ಕೆ ಕ್ರಮವಾಗಿ ಅಳವಡಿಸಿದವರಲ್ಲಿ ಹೆರಾಲ್ಡ್ ಪಾಮರ್ ಎಂಬವರು ಮುಖ್ಯರು. ಅವರು 1922ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಾಲೆಗಳ ಇಂಗ್ಲಿಷ್ ಪಾಠದ ಸುಧಾರಣೆಗೆ ದುಡಿದರು. ಅಲ್ಲಿಯೇ ಅವರ ಜೊತೆ ಕೆಲಸ ಮಾಡಿದ ಎ. ಎಸ್. ಹಾರ್ನ್‌ಬಿಯವರು ಇಂಗ್ಲಿಷ್ ಕ್ರಿಯಾಪದಗಳು ಯಾವ ಯಾವ ಅಚ್ಚಿನಲ್ಲಿ ಬರುತ್ತವೆ ಎಂಬುದನ್ನು ವಿಂಗಡಿಸಿ, 1954ರಲ್ಲಿ ಅದಕ್ಕೆಂದೇ ಒಂದು ಪುಸ್ತಕವನ್ನು ಹೊರತಂದರು. ನಮ್ಮ ಮನೆಗಳ ಕಪಾಟುಗಳಲ್ಲಿರುವ ಆಕ್ಸ್‌ಫರ್ಡಿನ ವಿದ್ಯಾರ್ಥಿ ನಿಘಂಟಿನ ಮೂಲಕರ್ತರೂ ಇವರೇ. ನಮ್ಮ ದೇಶದಲ್ಲಿ ಈ ದಾರಿಯಲ್ಲಿ ಅಧ್ಯಾಪಕರಿಗೆ ತರಬೇತು ಕೊಡಲು 1958ರಲ್ಲಿ ಹೈದರಾಬಾದಿನಲ್ಲಿಯೂ 1963ರಲ್ಲಿ ಬೆಂಗಳೂರಿನಲ್ಲಿಯೂ ಸಂಸ್ಥೆಗಳು ಸ್ಥಾಪನೆಯಾದವು.

ಈ ಪದ್ಧತಿಯ ಮುಖ್ಯ ಸಾಧನ ಒಂದು ಪಟ್ಟಿ. ಕಾಗದದ ಮೇಲೆ ಮೂರು ಮನೆಗಳನ್ನು ಎಳೆಯಿರಿ.

ಮೊದಲ ಮನೆ: ಐ, ವೀ, ಯೂ, ದೇ.
ಎರಡನೆಯ ಮನೆ: ವಾಂಟ್ ಟು, ಹ್ಯಾವ್ ಟು, ಲೈಕ್ ಟು.
ಮೂರನೆಯ ಮನೆ: ಗೋ ಹೋಮ್, ರೀಡ್ ದಿಸ್ ಬುಕ್, ಹೆಲ್ಪ್ ಮದರ್, ಬೈ ವೆಜಿಟಬಲ್ಸ್, ಲಿಸನ್ ಟು ದಿ ರೇಡಿಯೋ.

ಪ್ರತಿಯೊಂದು ಮನೆಯಿಂದ ಒಂದೊಂದನ್ನು ಆರಿಸಿ ಕೂಡಿಸುತ್ತ ಹೋಗಿ. “ಐ ವಾಂಟ್ ಟು ಗೋ ಹೋಮ್.” “ವೀ ಹ್ಯಾವ್ ಟು ಬೈ ವೆಜಿಟಬಲ್ಸ್.” “ದೇ ಲೈಕ್ ಟು ಲಿಸನ್ ಟು ದಿ ರೇಡಿಯೋ.” ಪಟ್ಟಿಯಲ್ಲಿರುವುದು 12 ತುಂಡುಗಳು, ಅವುಗಳಿಂದ ಹುಟ್ಟುವುದು 60 ವಾಕ್ಯಗಳು. ಒಂದಾದರೂ ತಪ್ಪಾಗಿ ಬರಲಾರದು. ಇದು ಚೆನ್ನಾಗಿ ಬಂದ ಮೇಲೆ ಎರಡನೆಯ ಪಟ್ಟಿ ಮಾಡಿ. ಮೊದಲ ಮನೆಯಲ್ಲಿ ಹೀ, ಶೀ, ಮೈ ಬ್ರದರ್ ಎಂದು ಇಟ್ಟು, ಎರಡನೆಯದರಲ್ಲಿ ವಾಂಟ್ಸ್ ಟು, ಹ್ಯಾಸ್ ಟು, ಲೈಕ್ಸ್ ಟು ಎಂದು ಬರೆಯಿರಿ. ಆ ಹಠಮಾರಿ ಸಕಾರಕ್ಕೆ ಈಗ ಒಂದು ಜಾಗ ಸಿಕ್ಕಿತು. ಸಂಗೀತದಲ್ಲಿ ಸರಳೆ ವರಸೆಯಿಂದ ಜಂಟಿ ವರಸೆಗೆ ಹೋದಂತೆ ಇದು. ವರಸೆಗಳನ್ನು ಮೂರು ಕಾಲಗಳಲ್ಲಿ ಹಾಡಿಸದೆ ಯಾವ ಮೇಷ್ಟರೂ ವರ್ಣಕ್ಕೆ ಬರುವುದಿಲ್ಲ.

ಆದರೆ ಎಲ್ಲ ಅಚ್ಚುಗಳಿಗೂ ಸಮನಾದ ಶ್ರಮ ಬೇಕಾಗಿಲ್ಲ. ಎಲ್ಲಿ ಕನ್ನಡದ ಅಚ್ಚೂ ಇಂಗ್ಲಿಷಿನ ಅಚ್ಚೂ ಬೇರೆಯಾಗಿರುವುವೋ ಅಲ್ಲಿ ಹೆಚ್ಚು ಬೆವರು ಹರಿಸಬೇಕು. ಅಂಥ ಐದಾರು ಸ್ಥಳಗಳನ್ನು ನಿಮಗೆ ತೋರಿಸುತ್ತೇನೆ.

ಮೊದಲನೆಯದು ಪದಗಳ ಸ್ಥಾನ. “ರಾಮನು ರಾವಣನನ್ನು ಕೊಂದನು” ಎಂದರೂ “ರಾವಣನನ್ನು ರಾಮನು ಕೊಂದನು” ಎಂದರೂ ನಮ್ಮಲ್ಲಿ ಸತ್ತವನು ರಾವಣನೇ. ದ್ವಿತೀಯಾ ವಿಭಕ್ತಿಯ ‘ಅನ್ನು’ ಪ್ರತ್ಯಯ ರಾವಣನಿಗೆ ಅಂಟಿಕೊಂಡಿರುವ ತನಕ ಅವನನ್ನು ವಾಕ್ಯದ ಯಾವ ಮೂಲೆಯಲ್ಲಿಟ್ಟರೂ ಚಿಂತೆಯಿಲ್ಲ. ಇಂಗ್ಲಿಷಿನ ನಾಮಪದಕ್ಕೆ ಇಂಥ ಪ್ರತ್ಯಯವಿಲ್ಲ. “ರಾಮ ಕಿಲ್ಡ್ ರಾವಣ” ಎಂಬುದನ್ನು ತಿರುವಿ “ರಾವಣ ಕಿಲ್ಡ್ ರಾಮ” ಎಂದರೆ ರಾಮಾಯಣವೇ ತಲೆಕೆಳಗಾಯಿತು. ಅಲ್ಲಿ ಸ್ಥಾನವೇ ವಿಭಕ್ತಿ. ಕರ್ತೃ, ಕ್ರಿಯೆ, ಕರ್ಮ ಎಂಬ ಈ ಸಾಲನ್ನು ಮಕ್ಕಳ ಕಿವಿಗೆ ಬೀಳಿಸುತ್ತಲೇ ಇರಬೇಕು.

ಎರಡನೆಯದು, ನಮ್ಮಲ್ಲಿ ಇಲ್ಲದ ಕ್ರಿಯಾಪದ. “ಇವನು ನನ್ನ ತಮ್ಮ” ಎಂಬುದು ಕನ್ನಡದಲ್ಲಿ ಪೂರ್ಣ ವಾಕ್ಯ. ಅದರಲ್ಲಿ ಕ್ರಿಯಾಪದ ಕಾಣುವುದಿಲ್ಲ, ಬೇಕಾಗಿಯೂ ಇಲ್ಲ. ಇಂಗ್ಲಿಷಿನಲ್ಲಿ “ಹೀ ಈಸ್ ಮೈ ಬ್ರದರ್” ಎಂದು ‘ಈಸ್’ ಬಂದೇ ತೀರಬೇಕು. ಮಗು ಅದನ್ನು ನುಂಗಿದರೆ ಅದು ಸೋಮಾರಿತನವಲ್ಲ. ಕನ್ನಡದ ಪ್ರಕಾರ ಅದು ಸರಿಯಾಗಿಯೇ ಹೇಳಿದೆ.

ಮೂರನೆಯದು ನಮ್ಮ ಚತುರ್ಥೀ ವಿಭಕ್ತಿ. ನನಗೆ ಗೊತ್ತು, ನನಗೆ ಹಸಿವಾಗಿದೆ, ನನಗೆ ಬೇಕು, ನನಗೆ ಇಬ್ಬರು ತಂಗಿಯರಿದ್ದಾರೆ. ನಾವು ಎಷ್ಟು ವಿನಯವಂತರು ನೋಡಿ. ತಿಳಿವಳಿಕೆಯಾಗಲಿ ಹಸಿವೆಯಾಗಲಿ ನಮ್ಮ ಬಳಿಗೆ ತಾವಾಗಿ ಬರುತ್ತವೆ, ನಾವು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತೇವೆ. ಇಂಗ್ಲಿಷಿನವನು ಎಲ್ಲಕ್ಕೂ ‘ಐ’ ಎಂದು ಮುಂದೆ ನಿಲ್ಲುತ್ತಾನೆ: “ಐ ನೋ”, “ಐ ಆ್ಯಮ್ ಹಂಗ್ರಿ”, “ಐ ವಾಂಟ್”, “ಐ ಹ್ಯಾವ್ ಟೂ ಸಿಸ್ಟರ್ಸ್”. ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಅಭ್ಯಾಸ ಮಾಡಿಸಬೇಕು. ಕನ್ನಡದಲ್ಲಿ ‘ನನಗೆ’ ಎಂದೊಡನೆ ನಾಲಗೆ ‘ಐ’ ಕಡೆಗೆ ಹೊರಳುವಂತಾಗಬೇಕು.

ನಾಲ್ಕನೆಯದು ‘ಇಂದ’ ಪ್ರತ್ಯಯ. ಮೈಸೂರಿನಿಂದ ಬಂದೆ ಎಂಬಲ್ಲಿ ‘ಫ್ರಮ್’. ಚಾಕುವಿನಿಂದ ಕತ್ತರಿಸಿದೆ ಎಂಬಲ್ಲಿ ‘ವಿತ್’. ಸೋಮವಾರದಿಂದ ಜ್ವರ ಎಂಬಲ್ಲಿ ‘ಸಿನ್ಸ್’. ಮೂರು ದಿನದಿಂದ ಜ್ವರ ಎಂಬಲ್ಲಿ ‘ಫಾರ್’. ನಾವು ಒಂದೇ ಕೀಲಿಯಿಂದ ತೆರೆಯುವ ಬಾಗಿಲುಗಳಿಗೆ ಅವರಲ್ಲಿ ನಾಲ್ಕು ಕೀಲಿಗಳು. ಸಾಲದ್ದಕ್ಕೆ, “ಹತ್ತು ವರ್ಷದಿಂದ ಇಲ್ಲಿದ್ದೇನೆ” ಎಂದು ನಾವು ವರ್ತಮಾನದಲ್ಲಿ ಹೇಳುವುದನ್ನು ಅವರು “ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್” ಎಂದು ಬೇರೊಂದು ಕಾಲರೂಪದಲ್ಲಿ ಹೇಳುತ್ತಾರೆ. “ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್” ಎಂಬ ನಮ್ಮ ಊರಿನ ಇಂಗ್ಲಿಷಿನ ಹುಟ್ಟು ಇಲ್ಲಿದೆ. ದಿನ ವಾರಗಳ ಹೆಸರು, ಇಸವಿ, ಹೊತ್ತು ಬಂದಾಗ ಸಿನ್ಸ್. ಎಷ್ಟು ಕಾಲವೆಂಬ ಅಳತೆ ಬಂದಾಗ ಫಾರ್. ಹೇಳುವುದಕ್ಕೆ ಒಂದೇ ಸಾಲು, ಅಭ್ಯಾಸಕ್ಕೆ ಒಂದು ವಾರ.

ಐದನೆಯದು ಪ್ರಶ್ನೆ ಮತ್ತು ನಿಷೇಧ. ನಾವು ‘ಬಂದನು’ ಎಂಬುದಕ್ಕೆ ‘ಏ’ ಅಥವಾ ‘ಆ’ ಸೇರಿಸಿ ‘ಬಂದನೇ?’ ‘ಬಂದನಾ?’ ಎಂದುಬಿಡುತ್ತೇವೆ. ಇಂಗ್ಲಿಷಿನವನಿಗೆ ‘ಡಿಡ್’ ಎಂಬ ಸಹಾಯಕನನ್ನು ಕರೆತರಬೇಕು: “ಡಿಡ್ ಹೀ ಕಮ್?” ಮಕ್ಕಳು ಇಲ್ಲಿ “ಡಿಡ್ ಹೀ ಕೇಮ್?” ಎಂದೂ “ಹೀ ಡಿಡ್‌ಂಟ್ ಕೇಮ್” ಎಂದೂ ಹೇಳುತ್ತಾರೆ. ತರಗತಿಯಲ್ಲಿ ಈ ತಪ್ಪನ್ನು ತಿದ್ದುವಾಗ ಕನ್ನಡವೇ ನೆರವಿಗೆ ಬರುತ್ತದೆ. ‘ಬಂದನು’ ಎಂಬುದರ ನಿಷೇಧ ಕನ್ನಡದಲ್ಲಿ ಏನು? ‘ಬರಲಿಲ್ಲ’. ‘ಬಂದನಿಲ್ಲ’ ಎಂದು ಯಾವ ಮಗುವೂ ಹೇಳುವುದಿಲ್ಲ. ‘ಇಲ್ಲ’ ಬಂದೊಡನೆ ನಮ್ಮ ಮುಖ್ಯ ಕ್ರಿಯಾಪದವೂ ತನ್ನ ಭೂತಕಾಲದ ವೇಷವನ್ನು ಕಳಚಿ ‘ಬರಲ್’ ಎಂದು ಬರಿಮೈಯಲ್ಲಿ ನಿಲ್ಲುತ್ತದೆ. ‘ಡಿಡ್’ ಬಂದೊಡನೆ ‘ಕೇಮ್’ ಕೂಡ ‘ಕಮ್’ ಆಗುತ್ತದೆ. “ಡಿಡ್‌ಂಟ್ ಕೇಮ್ ಎಂದರೆ ಬಂದನಿಲ್ಲ ಎಂದಂತೆ” ಎಂದು ಹೇಳಿದ ದಿನ ಮಕ್ಕಳು ನಗುತ್ತಾರೆ. ನಕ್ಕವರು ಆ ತಪ್ಪನ್ನು ಬೇಗ ಬಿಡುತ್ತಾರೆ.

ಆರನೆಯದು ‘ಎ’ ಮತ್ತು ‘ದಿ’. ಇವು ನಮಗೆ ಸಂಪೂರ್ಣ ಹೊಸವು ಎಂದು ಹೇಳುವುದುಂಟು. ಪೂರ್ತಿ ಹಾಗಲ್ಲ. “ಪುಸ್ತಕ ತಂದೆ” ಎನ್ನುವುದಕ್ಕೂ “ಪುಸ್ತಕವನ್ನು ತಂದೆ” ಎನ್ನುವುದಕ್ಕೂ ನಡುವೆ ನಿಮ್ಮ ಕಿವಿಗೆ ಭೇದ ಕೇಳಿಸುವುದಿಲ್ಲವೆ? ಮೊದಲನೆಯದು ಯಾವುದೋ ಪುಸ್ತಕ. ಎರಡನೆಯದು ನಾವಿಬ್ಬರೂ ಬಲ್ಲ, ಮೊದಲೇ ಮಾತಿಗೆ ಬಂದಿದ್ದ ಪುಸ್ತಕ. ಈ ಭೇದವನ್ನು ಹಿಡಿದವನಿಗೆ ‘ಎ ಬುಕ್’ ಮತ್ತು ‘ದಿ ಬುಕ್’ ಅರ್ಧ ತಿಳಿದಂತೆಯೇ. ಉಳಿದರ್ಧ ಕೇಳಿ ಕೇಳಿ ಬರಬೇಕಾದದ್ದು.

ಕಡೆಯದು, ನಾನು ಆಸ್ಪತ್ರೆಯಲ್ಲಿ ಎಡವಿದ ಕಲ್ಲು. ನಿಷೇಧರೂಪದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳುವಾಗ ನಾವು ಪ್ರಶ್ನೆ ಕೇಳಿದವರ ಮಾತನ್ನು ಒಪ್ಪುತ್ತೇವೆ ಅಥವಾ ನಿರಾಕರಿಸುತ್ತೇವೆ: “ತಿಂದಿಲ್ಲ ತಾನೆ?” “ಹೌದು, ತಿಂದಿಲ್ಲ.” ಇಂಗ್ಲಿಷಿನಲ್ಲಿ ಪ್ರಶ್ನೆಯ ರೂಪವನ್ನು ನೋಡುವಂತಿಲ್ಲ, ನಿಜಸ್ಥಿತಿಯನ್ನು ಮಾತ್ರ ನೋಡಬೇಕು. ತಿಂದಿದ್ದರೆ ‘ಎಸ್’, ತಿಂದಿಲ್ಲವಾದರೆ, ಪ್ರಶ್ನೆ ಹೇಗೇ ಇರಲಿ, ‘ನೋ’. ಇದಕ್ಕೊಂದು ಸುಲಭ ರಕ್ಷಣೆಯುಂಟು. ಬರಿಯ ಎಸ್, ನೋ ಎಂದು ನಿಲ್ಲಿಸದೆ, “ನೋ, ಶೀ ಹ್ಯಾಸ್‌ಂಟ್” ಎಂದು ಒಂದು ಮಾತು ಸೇರಿಸಿ ಮುಗಿಸುವ ಅಭ್ಯಾಸ ಮಾಡಿಸಿ. ಎರಡನೆಯ ತುಂಡು ಮೊದಲನೆಯದನ್ನು ಕಾಯುತ್ತದೆ.

ಇನ್ನು ಅಭ್ಯಾಸದ ಕ್ರಮ. ದಿನಕ್ಕೆ ಹದಿನೈದು ನಿಮಿಷ ಸಾಕು. ಒಂದು ವಾರಕ್ಕೆ ಒಂದೇ ಅಚ್ಚು. ಮೊದಲು ಮಗು ಸರಿಯಾದ ವಾಕ್ಯವನ್ನು ನಾಲ್ಕಾರು ಸಲ ಕೇಳಲಿ. ಆಮೇಲೆ ಹಾಗೆಯೇ ಹೇಳಲಿ. ಮೂರನೆಯ ಹೆಜ್ಜೆಯಲ್ಲಿ ಒಂದು ಪದವನ್ನು ಬದಲಾಯಿಸಿ ಹೇಳಲಿ: “ಡಿಡ್ ಯುವರ್ ಬ್ರದರ್ ಕಮ್?” “ಡಿಡ್ ಯುವರ್ ಟೀಚರ್ ಕಮ್?” “ಡಿಡ್ ದಿ ಬಸ್ ಕಮ್?” ನಾಲ್ಕನೆಯದರಲ್ಲಿ ವಾಕ್ಯದ ರೂಪವನ್ನೇ ತಿರುಗಿಸಲಿ: ವಿಧಿಯನ್ನು ಪ್ರಶ್ನೆಯಾಗಿ, ಪ್ರಶ್ನೆಯನ್ನು ನಿಷೇಧವಾಗಿ. ಐದನೆಯ ಹೆಜ್ಜೆ ಎಲ್ಲಕ್ಕಿಂತ ಮುಖ್ಯ; ಅದೇ ಅಚ್ಚಿನಲ್ಲಿ ತನ್ನ ಬಗ್ಗೆ ಒಂದು ನಿಜವಾದ ಮಾತನ್ನು ಆಡಲಿ. “ದಿ ಮಿಲ್ಕ್‌ಮ್ಯಾನ್ ಡಿಡ್‌ಂಟ್ ಕಮ್ ಟುಡೇ.” ಹಾಲಿನವನು ನಿಜವಾಗಿಯೂ ಬಾರದ ದಿನ ಈ ಮಾತು ಹೇಳಿದ ಮಗು ಅದನ್ನು ಮರೆಯುವುದಿಲ್ಲ.

ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲದಿದ್ದರೆ? ಆಗಲೂ ಆಗುತ್ತದೆ. ಅಜ್ಜಿ ಕನ್ನಡದಲ್ಲಿ ಪ್ರಶ್ನೆ ಕೇಳಲಿ: “ನಿನ್ನೆ ಎಲ್ಲಿಗೆ ಹೋಗಿದ್ದೆ? ಏನು ತಂದೆ? ಅಕ್ಕ ಏಕೆ ಬರಲಿಲ್ಲ?” ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಅಜ್ಜಿಗೆ ಹೇಳಲಿ. ಮಾತು ನಿಜವೋ ಸುಳ್ಳೋ ಎಂಬುದನ್ನು ಅಜ್ಜಿ ನಿರ್ಣಯಿಸಬಲ್ಲರು. ವ್ಯಾಕರಣ ಸರಿಯೇ ಎಂಬುದಕ್ಕೆ ಗೋಡೆಗೆ ಅಂಟಿಸಿದ ಪಟ್ಟಿ ಇದೆ. ರೇಡಿಯೋ ಇರುವ ಮನೆಯಲ್ಲಿ ಇನ್ನೊಂದು ಅನುಕೂಲವುಂಟು. ಇಂಗ್ಲಿಷ್ ವಾರ್ತೆ ಬರುವಾಗ ಸುದ್ದಿಯೆಲ್ಲ ತಿಳಿಯಬೇಕೆಂದು ಮಗುವನ್ನು ಕೂರಿಸಬೇಡಿ. “ಈ ಹೊತ್ತು ‘ಹ್ಯಾಸ್’ ಎಂಬುದು ಎಷ್ಟು ಸಲ ಬರುತ್ತದೆ, ಎಣಿಸು” ಎನ್ನಿ. ಬೆರಳು ಮಡಿಸುತ್ತ ಕೂತ ಮಗುವಿನ ಕಿವಿ ತಾನಾಗಿ ಆ ಅಚ್ಚನ್ನು ಹಿಡಿಯುತ್ತದೆ. ರೇಡಿಯೋ ಮೂಲಕ ಇಂಗ್ಲಿಷ್ ಕಲಿಸುವುದು ಹೊಸದೇನಲ್ಲ, ಬಿ.ಬಿ.ಸಿ.ಯವರು ಅಂಥ ಪಾಠಗಳನ್ನು 1943ರಲ್ಲಿಯೇ ಆರಂಭಿಸಿದ್ದರು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಇದೆಲ್ಲ ಗಿಳಿಪಾಠವಾಗುವುದಿಲ್ಲವೆ? ಆಗಬಹುದು, ಆಗಿಯೂ ಇದೆ. ಭಾಷೆಯೆಂದರೆ ಬರಿಯ ಅಭ್ಯಾಸಬಲ, ಸಾಕಷ್ಟು ಸಲ ಹೇಳಿಸಿದರೆ ಬಂದೇ ಬರುತ್ತದೆ ಎಂಬ ಮತ ಒಂದು ಕಾಲದಲ್ಲಿ ಪ್ರಬಲವಾಗಿತ್ತು. ಅಮೆರಿಕದ ವಿದ್ವಾಂಸ ನೋಮ್ ಚಾಮ್‌ಸ್ಕಿ 1959ರಲ್ಲಿ ಈ ಮತವನ್ನು ಬಲವಾಗಿ ಖಂಡಿಸಿದರು. ಮಗು ತಾನು ಎಂದೂ ಕೇಳದ ವಾಕ್ಯಗಳನ್ನು ಆಡುತ್ತದೆ, ಅದು ಬರಿಯ ಅನುಕರಣದಿಂದ ಆಗುವ ಕೆಲಸವಲ್ಲ ಎಂಬುದು ಅವರ ವಾದದ ತಿರುಳು. ನಮ್ಮ ಕಡೆಯಲ್ಲಿಯೇ ಎನ್. ಎಸ್. ಪ್ರಭು ಅವರು 1979ರಿಂದ 1984ರ ವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಬೇರೊಂದು ಪ್ರಯೋಗ ನಡೆಸಿದರು. ‘ಬೆಂಗಳೂರು ಯೋಜನೆ’ ಎಂದೇ ಅದು ಲೋಕದಲ್ಲಿ ಪ್ರಸಿದ್ಧವಾಯಿತು. ಅದರಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು, ನಕ್ಷೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿ ನೋಡಿ ಉತ್ತರ ಕಂಡುಹಿಡಿಯುವುದು ಮೊದಲಾದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರು. ಮನಸ್ಸು ಅರ್ಥದ ಕಡೆಗೆ ಇದ್ದಾಗ ರೂಪವು ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ.

ನನ್ನಂಥ ಹಳೆಯ ಮೇಷ್ಟರಿಗೆ ಎರಡು ಮಾತಿನಲ್ಲಿಯೂ ಸತ್ಯ ಕಾಣುತ್ತದೆ. ಅಚ್ಚಿಲ್ಲದೆ ಪಾಕ ಹೊಯ್ದರೆ ತಟ್ಟೆಯ ತುಂಬ ಸಕ್ಕರೆ. ಪಾಕವಿಲ್ಲದೆ ಅಚ್ಚನ್ನು ಎಷ್ಟು ತಿಕ್ಕಿದರೂ ಗಿಳಿ ಬರುವುದಿಲ್ಲ. ಅರ್ಥವೇ ಪಾಕ. ಆದುದರಿಂದಲೇ ಐದನೆಯ ಹೆಜ್ಜೆಯನ್ನು ಬಿಡಬೇಡಿರೆಂದು ಒತ್ತಿ ಹೇಳಿದೆ. ಪಟ್ಟಿಯಿಂದ 60 ವಾಕ್ಯಗಳನ್ನು ಗಿಣಿಯಂತೆ ಒಪ್ಪಿಸಿ ಒಂದೂ ನಿಜವಾದ ಮಾತನ್ನು ಆಡದ ಹುಡುಗನಿಗಿಂತ, ಆರು ವಾಕ್ಯ ಹೇಳಿ ಏಳನೆಯದಾಗಿ ತನ್ನ ಮನೆಯ ಮಾತನ್ನು ಆಡುವ ಹುಡುಗ ಮುಂದೆ ಹೋಗುತ್ತಾನೆ.

ಅಭ್ಯಾಸವನ್ನು ಹಂಚಿ ಮಾಡಬೇಕೆಂಬುದನ್ನೂ ನೆನಪಿಡಿ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಮರೆವನ್ನು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಹೆಚ್ಚಿನ ಭಾಗ ಮೊದಮೊದಲಿಗೇ ಜಾರಿಹೋಗುತ್ತದೆ. ಒಟ್ಟಿಗೆ ಉರು ಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಕಲಿತದ್ದು ಹೆಚ್ಚು ನಿಲ್ಲುತ್ತದೆ ಎಂಬುದು ಅವರಿಗೆ ಕಂಡಿತು. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನವೂ ಹದಿನೈದು ನಿಮಿಷ ಮೇಲು. ಹೋದ ವಾರದ ಅಚ್ಚನ್ನು ಈ ವಾರ ಒಮ್ಮೆ, ಮುಂದಿನ ತಿಂಗಳು ಮತ್ತೊಮ್ಮೆ ತಿರುವಿಹಾಕಿ.

ತಿದ್ದುವ ರೀತಿಯ ಬಗ್ಗೆ ಒಂದು ಮಾತು. ಮಗು “ಐ ವೆಂಟೆಡ್ ಟು ಮಾರ್ಕೆಟ್” ಎಂದರೆ, “ತಪ್ಪು! ಎಷ್ಟು ಸಲ ಹೇಳಬೇಕು!” ಎಂದು ಗದರಬೇಡಿ. “ಓಹೋ, ಯೂ ವೆಂಟ್ ಟು ದಿ ಮಾರ್ಕೆಟ್. ಏನು ತಂದೆ?” ಎನ್ನಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ಬಂದ ನೆಂಟರ ಎದುರು “ಏನಾದರೂ ಇಂಗ್ಲಿಷಿನಲ್ಲಿ ಹೇಳು” ಎಂದು ನಿಲ್ಲಿಸುವುದಂತೂ ಬೇಡವೇ ಬೇಡ. ಹಾಗೆ ನಿಂತು ಬೆವತ ಮಕ್ಕಳು ಎಷ್ಟೋ ಜನ ದೊಡ್ಡವರಾದ ಮೇಲೂ ಬಾಯಿ ತೆರೆಯುವುದಿಲ್ಲ. ತರಗತಿಯಲ್ಲಿ ಎಲ್ಲ ಬಲ್ಲವರಾಗಿದ್ದು, ಕೆಲಸದ ಸಂದರ್ಶನಕ್ಕೆ ಹೋಗಿ ಮೂಕರಾಗಿ ಹಿಂದಿರುಗಿದ ಶಿಷ್ಯರನ್ನು ನಾನು ಕಂಡಿದ್ದೇನೆ. ಅವರಿಗೆ ಕೊರತೆಯಾಗಿದ್ದದ್ದು ನಿಯಮವಲ್ಲ. ತಪ್ಪಿದರೂ ನಗದ ಒಂದು ಮನೆ.

ಹಾಗೆಂದು ಮನೆಯ ಮಾತನ್ನೆಲ್ಲ ಇಂಗ್ಲಿಷಿಗೆ ತಿರುಗಿಸಬೇಕೆಂದು ನಾನು ಹೇಳುತ್ತಿಲ್ಲ. ಕೆಲವು ತಂದೆತಾಯಿಗಳು ಮಗುವಿಗೆ ಕನ್ನಡ ಕೇಳಿಸದಂತೆ ಮಾಡಿದರೆ ಇಂಗ್ಲಿಷ್ ಬೇಗ ಬರುತ್ತದೆಂದು ಭಾವಿಸುತ್ತಾರೆ. ತಮಗೇ ಸರಿಯಾಗಿ ಬಾರದ ಅಚ್ಚಿನಲ್ಲಿ ಪಾಕ ಹೊಯ್ದು ಮಗುವಿನ ಕೈಗೆ ಮುರಿದ ಗಿಳಿಯನ್ನು ಕೊಟ್ಟಂತೆ ಅದು. ಮೇಲೆ ಹೇಳಿದ ಭೇದಗಳಲ್ಲಿ ಒಂದನ್ನಾದರೂ ಕನ್ನಡ ಬಾರದ ಮಗುವಿಗೆ ವಿವರಿಸಲು ಸಾಧ್ಯವೆ? ‘ಬಂದನಿಲ್ಲ’ ಎಂದರೆ ನಗುವುದಕ್ಕೆ ‘ಬರಲಿಲ್ಲ’ ಎಂಬುದು ರಕ್ತದಲ್ಲಿರಬೇಕು.

ಎಡವುವುದು ನಮ್ಮ ಸ್ವತ್ತು ಮಾತ್ರವೂ ಅಲ್ಲ. ವಿಲಿಯಂ ಕೇರಿ ಎಂಬ ಇಂಗ್ಲಿಷಿನವರು 1817ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದರು; ಜರ್ಮನಿಯ ಕಿಟೆಲ್ ಅವರ ಕನ್ನಡ ವ್ಯಾಕರಣ 1903ರಲ್ಲಿ ಬಂದಿತು. ನಮ್ಮ ಭಾಷೆಯನ್ನು ಕಲಿಯಲು ಬಂದವರಿಗೂ ನಮ್ಮ ಅಚ್ಚುಗಳು ಅಷ್ಟೇ ಕಷ್ಟವಾಗಿದ್ದುದರಿಂದಲೇ ಇಂಥ ಪುಸ್ತಕಗಳು ಬೇಕಾದವು. ‘ನನಗೆ ಹಸಿವಾಗಿದೆ’ ಎಂಬಲ್ಲಿ ‘ನಾನು’ ಏಕೆ ಬರುವುದಿಲ್ಲ ಎಂದು ಇಂಗ್ಲಿಷ್ ಮಾತಿನವನು ತಲೆ ಕೆರೆದುಕೊಳ್ಳುತ್ತಾನೆ. ಅವನನ್ನು ನಾವು ದಡ್ಡನೆನ್ನುವುದಿಲ್ಲ. ಪರಭಾಷೆಯವನು, ಪಾಪ, ಇಷ್ಟಾದರೂ ಕಲಿತಿದ್ದಾನಲ್ಲ ಎನ್ನುತ್ತೇವೆ. ಆ ದಾಕ್ಷಿಣ್ಯದಲ್ಲಿ ಸ್ವಲ್ಪ ನಮ್ಮ ಮಕ್ಕಳಿಗೂ ಇರಲಿ.

ನನ್ನ ತಾಯಿಯವರಿಗೆ ಮರುದಿನ ಶಸ್ತ್ರಚಿಕಿತ್ಸೆಯಾಗಿ ಗುಣವಾಯಿತು. ಆ ಎರಡನೆಯ ಬೆಳಿಗ್ಗೆ ದಾದಿ ಅದೇ ಪ್ರಶ್ನೆಯನ್ನು ತಂದಳು. ರಾತ್ರಿಯೆಲ್ಲ ವರಾಂಡದ ಬೆಂಚಿನ ಮೇಲೆ ಕೂತು ಹೇಳಿಕೊಂಡಿದ್ದ ಉತ್ತರವನ್ನು ಒಪ್ಪಿಸಿದೆ: “ನೋ, ಶೀ ಹ್ಯಾಸ್‌ಂಟ್.” ಆಕೆ ಬರೆದುಕೊಂಡು ಹೋದಳು. ನಾನು ನಿಜವಾಗಿ ಕಲಿತ ಮೊದಲ ಇಂಗ್ಲಿಷ್ ವಾಕ್ಯ ಅದು ಎನ್ನಬಹುದು. ಈ ಸಂಜೆ ನಿಮ್ಮ ಮನೆಯಲ್ಲಿಯೂ ಒಂದು ವಾಕ್ಯದಿಂದ ಆರಂಭಿಸಿ ನೋಡಿ.